ಬೋಲ್ಟಿನ ತಲೆಯ ಮೇಲಿನ ಅಕ್ಷರ

ನನ್ನ ಪಿಎಚ್.ಡಿ. ಪ್ರಬಂಧದ ಎರಡನೇ ಅಧ್ಯಾಯ ಗೈಡ್ ಮೇಡಂ ಕೈಯಿಂದ ವಾಪಸ್ ಬಂದಾಗ ಒಂದು ಅಡಿಟಿಪ್ಪಣಿಯ ಸುತ್ತ ಕೆಂಪು ಶಾಯಿಯ ಗೆರೆಯಿತ್ತು. ‘ಇದು ಹವ್ಯಾಸಿಗಳ ಪತ್ರಿಕೆ ಅಲ್ವೇನಮ್ಮಾ? ಯುದ್ಧದ ಗಾಡಿಗಳ ನಟ್ಟು ಬೋಲ್ಟು ಎಣಿಸೋರದ್ದು. ಸತ್ತವರ ಲೆಕ್ಕ ಇದರಲ್ಲಿ ಎಲ್ಲಿದೆ?’ ಎಂದು ಕೇಳಿದರು.

ಆ ಪತ್ರಿಕೆ ‘ವೀಲ್ಸ್ ಅಂಡ್ ಟ್ರ್ಯಾಕ್ಸ್’. 1982ರಿಂದ 2001ರವರೆಗೆ ಇಂಗ್ಲೆಂಡಿನಿಂದ ಬರುತ್ತಿತ್ತು, ಸೇನಾ ವಾಹನಗಳಿಗೇ ಮೀಸಲು. ಸಂಪಾದಕರು ಡಚ್ ಮೂಲದ ಬಾರ್ಟ್ ವ್ಯಾಂಡರ್‌ವೀನ್. ಹಳೇ ಗಾಡಿಗಳ ಹುಚ್ಚಿನ ಪರಿಚಿತರೊಬ್ಬರು ಅದರ ಸಂಚಿಕೆಗಳ ಒಂದು ಕಟ್ಟು ಕೊಡುವಾಗಲೇ ಎಚ್ಚರಿಸಿದ್ದರು: ‘ಟ್ಯಾಂಕು, ಕಾಳಗ ಅಂತ ಹುಡುಕಬೇಡಿ. ಬರೀ ಲಾರಿ, ಜೀಪು, ಟ್ರೇಲರು. ಓದ್ತಾ ಓದ್ತಾ ನಿದ್ದೆ ಬರುತ್ತೆ.’ ಮೇಡಂಗೆ ಅದರಲ್ಲಿ ಮನುಷ್ಯರಿಲ್ಲ, ಇವರಿಗೆ ಕಾಳಗವಿಲ್ಲ. ಎರಡೂ ದೂರಿನ ನಡುವೆ ನಾನು ಆ ಸಂಪಾದಕರ ಪರ ವಕೀಲಳಾಗಬೇಕಾಯಿತು.

ನನ್ನ ವಿಷಯ ಮಲೆನಾಡಿನ ರಸ್ತೆ ಸಾರಿಗೆ. ಅಲ್ಲಿ ಹಳೇ ಜೀಪೆಲ್ಲ ‘ವಿಲ್ಲೀಸ್’. ಒಂದು ಕಾಫಿ ತೋಟದ ಶೆಡ್ಡಿನಲ್ಲಿ ಅಂಥದ್ದೊಂದಿತ್ತು. ಮಾಲೀಕರೂ ವಿಲ್ಲೀಸ್ ಎಂದರು, ನಾನೂ ಹಾಗೇ ಬರೆದುಕೊಂಡೆ. ಆದರೆ ಎರಡನೇ ಮಹಾಯುದ್ಧದ ಸುಮಾರು 6.4 ಲಕ್ಷ ಜೀಪುಗಳಲ್ಲಿ 2.8 ಲಕ್ಷದಷ್ಟನ್ನು ಅದೇ ನಕ್ಷೆಯಂತೆ ಫೋರ್ಡ್ ಕಂಪನಿ ಮಾಡಿತ್ತು. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ವಿಲ್ಲೀಸ್, ಚೌಕವಾಗಿದ್ದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟಿನ ತಲೆಯ ಮೇಲೂ ‘ಎಫ್’ ಒತ್ತುತ್ತಿತ್ತು. ಇದನ್ನು ತಿಳಿದ ಮೇಲೆ ಮತ್ತೆ ತೋಟಕ್ಕೆ ಹೋಗಿ, ಟಾರ್ಚು ಹಿಡಿದು ಗಾಡಿಯ ಕೆಳಗೆ ಮಲಗಿದೆ. ಪಟ್ಟಿ ಚೌಕವಾಗಿತ್ತು. ಗ್ರೀಸು ಒರೆಸಿದರೆ ಎಫ್ ಕಂಡಿತು. ಎಲ್ಲರೂ ಹೇಳಿದ್ದೂ ನಾನು ಬರೆದದ್ದೂ ತಪ್ಪು. ಬೋಲ್ಟು ಎಣಿಸುವವರಿಲ್ಲದಿದ್ದರೆ ಆ ತಪ್ಪು ನನ್ನ ಪ್ರಬಂಧದಲ್ಲಿ ಅಚ್ಚಾಗುತ್ತಿತ್ತು.

ಲಾರಿಗಳಿಗೆ ಅಷ್ಟೊಂದು ಪುಟ ಏಕೆ ಎಂಬುದಕ್ಕೂ ಉತ್ತರವಿದೆ. 1944ರ ಆಗಸ್ಟಿನಲ್ಲಿ ಫ್ರಾನ್ಸಿನೊಳಗೆ ನುಗ್ಗಿದ ಮಿತ್ರಪಡೆಗಳಿಗೆ ಪೆಟ್ರೋಲು, ಊಟ, ಮದ್ದುಗುಂಡು ತಲುಪಿಸಲು ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿಗಳ ಸಾಲು ಹೊರಟಿತು. ನವೆಂಬರಿನವರೆಗೆ ಓಡಿತು. ಒಂದು ಹಂತದಲ್ಲಿ ಸುಮಾರು 6,000 ಲಾರಿಗಳು ದಿನಕ್ಕೆ 12,500 ಟನ್‌ನಷ್ಟು ಸಾಗಿಸಿದವು. ಲಾರಿ ನಿಂತರೆ ಟ್ಯಾಂಕೂ ನಿಲ್ಲುತ್ತದೆ. ಲಾರಿಯನ್ನು ಮುಂದಿಟ್ಟ ಸಂಪಾದಕರು ಯುದ್ಧವನ್ನು ಇದ್ದಂತೆ ತೋರಿಸಿದರು, ವೀರಗಾಥೆ ಮಾಡಲಿಲ್ಲ ಎಂದು ಮೇಡಂ ಮುಂದೆ ವಾದಿಸಿದೆ.

ಮೇಡಂ ಬಿಡಲಿಲ್ಲ. ‘ಆ ಲಾರಿ ಓಡಿಸಿದವರು ಯಾರು?’ ಅಂದರು. ಅವರಲ್ಲಿ ಮುಕ್ಕಾಲು ಪಾಲು ಕಪ್ಪು ಅಮೆರಿಕನ್ನರು, ತಮ್ಮದೇ ಸೇನೆಯಲ್ಲಿ ಬಿಳಿಯರಿಂದ ಬೇರೆಯಾಗಿ ಇಡಲ್ಪಟ್ಟವರು. ಬೋಲ್ಟಿನ ಮೇಲೆ ಅವರ ಅಕ್ಷರವಿಲ್ಲ. ನನಗೆ ಮಾತು ಸಿಕ್ಕಿಬಿದ್ದಂತಾಯಿತು. ನೆನಪಾದದ್ದು ಅಜ್ಜ.

ನಮ್ಮಜ್ಜ ಸೇನೆಯಲ್ಲಿ ಡ್ರೈವರ್. ಜಬಲ್‌ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಲಾರಿ ಅವರದು. 1971ರ ಚಳಿಗಾಲದಲ್ಲಿ ಕಾಶ್ಮೀರದ ಕಡೆ ಇದ್ದರು. ‘ಅಜ್ಜಾ, ಯುದ್ಧ ನೋಡಿದ್ಯಾ?’ ಎಂದರೆ, ‘ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗ್ತಿರ್ಲಿಲ್ಲ ಕಣವ್ವಾ’ ಎಂದು ಶುರು ಮಾಡೋರು. ಏರಿನಲ್ಲಿ ಯಾವ ಗೇರು, ಇಳಿಜಾರಿನಲ್ಲಿ ಬ್ರೇಕು ಹೇಗೆ ಬಿಸಿಯಾಗುತ್ತೆ, ಕ್ಲಚ್ಚನ್ನು ಹೇಗೆ ಬಿಡಬೇಕು. ಅದೆಷ್ಟು ಸಲ ಕೇಳಿದ್ದೇನೋ. ಒಮ್ಮೆ ಮಾತ್ರ, ‘ಹತ್ತುವಾಗ ರೇಷನ್ನು. ಇಳಿಯುವಾಗ...’ ಎಂದು ನಿಲ್ಲಿಸಿ, ಎಲೆಅಡಿಕೆಯ ಚೀಲ ಹುಡುಕಿದರು. ನಾನು ಚಿಕ್ಕವಳು. ‘ಇಳಿಯುವಾಗ ಏನಜ್ಜಾ?’ ಎಂದು ಕೇಳಲಿಲ್ಲ. ಆಮೇಲೆ ಕೇಳಲು ಅಜ್ಜ ಇರಲಿಲ್ಲ.

ಹಾಗಾಗಿ ಆ ಪತ್ರಿಕೆಯ ಪರ ನನ್ನ ವಾದ ಇಷ್ಟೇ. ಅದು ತನಗೆ ಗೊತ್ತಿದ್ದನ್ನು ಸರಿಯಾಗಿ ಹೇಳಿತು, ಗೊತ್ತಿಲ್ಲದ್ದನ್ನು ಕಟ್ಟಿ ಹೇಳಲಿಲ್ಲ. ಗೇರಿನ ಮಾತೂ ಆಡದಿದ್ದರೆ ಅಜ್ಜನ ಯುದ್ಧದ ಬಗ್ಗೆ ನಮಗೆ ಏನೂ ಉಳಿಯುತ್ತಿರಲಿಲ್ಲ. ಆದರೆ ಗೇರಿನ ಮಾತಿಗೇ ತೃಪ್ತಳಾಗಿ ಕೂತದ್ದು ನನ್ನ ತಪ್ಪು, ಅಜ್ಜನದಲ್ಲ. ಮುಂದಿನ ಪ್ರಶ್ನೆ ಕೇಳಬೇಕಾದದ್ದು ಓದುಗಳ ಕೆಲಸ.

ಅಡಿಟಿಪ್ಪಣಿ ಉಳಿಯಿತು. ಮೇಡಂ ಒಂದು ಷರತ್ತು ಹಾಕಿದ್ದಾರೆ: ಆ ಫೋರ್ಡ್ ಜೀಪನ್ನು ತೋಟದಲ್ಲಿ ಓಡಿಸುತ್ತಿದ್ದ ಡ್ರೈವರ್ ಯಾರೆಂದು ಹುಡುಕಬೇಕು. ಮಾಲೀಕರಿಗೆ ಹೆಸರು ನೆನಪಿಲ್ಲ. ಲೈನ್ ಮನೆಗಳಲ್ಲಿ ವಯಸ್ಸಾದವರೊಬ್ಬರಿದ್ದಾರಂತೆ, ಬರುವ ಭಾನುವಾರ ಹೋಗಿ ಕೇಳುತ್ತೇನೆ.