ಲಂಡನ್ನಿಗೂ ಪ್ಯಾರಿಸಿಗೂ ನಡುವೆ

ನನ್ನ ಹಿರಿಯ ಮಗನು ಲಂಡನ್ನಿನಲ್ಲಿರುವನು, ಕಿರಿಯನು ಪ್ಯಾರಿಸಿನಲ್ಲಿ. ಹೋದ ತಿಂಗಳು ಒಂದು ಸಂಜೆ ನನ್ನ ಮನೆಯವಳು, “ಅವರಿಬ್ಬರ ಊರುಗಳಿಗೂ ಎಷ್ಟು ದೂರ?” ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದವನಾದರೂ ಥಟ್ಟನೆ ಉತ್ತರ ಕೊಡಲಾರದೆ ಭೂಪಟವನ್ನು ಹರಡಿ ದಾರದಿಂದ ಅಳೆಯತೊಡಗಿದೆನು.

ನೇರವಾಗಿ ಅಳೆದರೆ ಸುಮಾರು 214 ಮೈಲಿ, ಎಂದರೆ 344 ಕಿಲೋಮೀಟರು. ವಿಮಾನವು ಒಂದು ನಿಲ್ದಾಣವನ್ನು ಬಿಟ್ಟು ಇನ್ನೊಂದನ್ನು ಸೇರಲು ಸುಮಾರು ಒಂದೂಕಾಲು ಗಂಟೆ ಸಾಕು. ಇಲ್ಲೊಂದು ಸೋಜಿಗವುಂಟು. ಪ್ಯಾರಿಸಿನ ಗಡಿಯಾರವು ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದು. ಆದುದರಿಂದ ಹತ್ತಕ್ಕೆ ಲಂಡನ್ನನ್ನು ಬಿಟ್ಟವನು ಹನ್ನೆರಡೂಕಾಲಿಗೆ ಪ್ಯಾರಿಸನ್ನು ಸೇರುವನು; ಅಲ್ಲಿಂದ ಹತ್ತಕ್ಕೆ ಹೊರಟವನಾದರೋ ಹತ್ತೂಕಾಲಿಗೇ ಲಂಡನ್ನಿನಲ್ಲಿ ಇಳಿಯುವನು.

ಈ ದಾರಿಯು ಹೀಗೆ ಸುಗಮವಾದುದು ಒಮ್ಮೆಲೇ ಅಲ್ಲ. 1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೋ ಎಂಬಾತನು ಕ್ಯಾಲೆಯ ಬಳಿಯಿಂದ ಮುಂಜಾನೆ ಹಾರಿ, ದಿಕ್ಸೂಚಿಯೂ ಇಲ್ಲದೆ ಕಡಲನ್ನು ದಾಟಿ, ಸುಮಾರು 37 ನಿಮಿಷಗಳಲ್ಲಿ ಡೋವರಿನಲ್ಲಿ ಇಳಿದನು. 1919ರ ಆಗಸ್ಟ್ 25ರಂದು ಲಂಡನ್ನಿನ ಹೌನ್ಸ್‌ಲೋವಿನಿಂದ ಪ್ಯಾರಿಸಿನ ಲ ಬುರ್ಜೆಗೆ ನಿತ್ಯದ ವಿಮಾನಸಂಚಾರವು ಮೊದಲಾಯಿತು. ಅಂದಿನ ಪ್ರಯಾಣಕ್ಕೆ ಹಿಡಿದುದು ಸುಮಾರು ಎರಡೂವರೆ ಗಂಟೆ. 1994ರಲ್ಲಿ ಕಡಲಡಿಯ ಸುರಂಗವು ತೆರೆಯಿತು. ಅದರ ಉದ್ದವು 50 ಕಿಲೋಮೀಟರಿಗೂ ತುಸು ಹೆಚ್ಚು. ಅದರೊಳಗೆ ಹಾಯುವ ರೈಲುಗಳಲ್ಲಿ ವೇಗವಾದುದು ನಗರದ ನಡುವಿನಿಂದ ನಗರದ ನಡುವಿಗೇ ಎರಡೂಕಾಲು ಗಂಟೆಯಲ್ಲಿ ಮುಟ್ಟಿಸುವುದು. ವಿಮಾನನಿಲ್ದಾಣಗಳು ಊರಿನಿಂದ ಸುಮಾರು ಹದಿನೈದು ಮೈಲಿ ಹೊರಗಿವೆ. ತಪಾಸಣೆಗಾಗಿ ಮುಂಚಿತವಾಗಿಯೇ ಹೋಗಿ ಕಾಯಬೇಕು. ಎಲ್ಲವನ್ನೂ ಕೂಡಿಸಿ ನೋಡಿದರೆ, ಹಾರುವವನಿಗಿಂತ ನೆಲದೊಳಗೆ ಹೋಗುವವನೇ ಮೊದಲು ಮನೆ ಸೇರಿದರೂ ಸೇರಬಹುದು.

ಇದೆಲ್ಲವನ್ನೂ ನಾನು ಉತ್ಸಾಹದಿಂದ ವಿವರಿಸಿದೆನು. ಆಕೆ ಕೇಳಿ, “ಒಂದೂಕಾಲು ಗಂಟೆಯೇ? ಹಾಗಾದರೆ ನಾಲ್ಕು ವರ್ಷವಾದರೂ ಇವರು ಒಬ್ಬರ ಮನೆಗೆ ಒಬ್ಬರು ತಲುಪಲಿಲ್ಲವೇಕೆ?” ಎಂದಳು.

ಉತ್ತರವು ನನಗೆ ತಿಳಿದಿತ್ತು. ಊರಿನ ಮನೆಯ ಪಾಲಿನ ಮಾತು ಬಂದಾಗ, ಒಬ್ಬನ ಮುಂದೆ ಇನ್ನೊಬ್ಬನನ್ನು ಹೀನೈಸಿ ನುಡಿದವನು ನಾನೇ.

ಪಾಠಶಾಲೆಯಲ್ಲಿ ರಘುವಂಶದ ಹದಿಮೂರನೆಯ ಸರ್ಗವನ್ನು ಓದುವಾಗ, ಪುಷ್ಪಕದಿಂದ ಕಾಣುವ ಕಡಲು ಕಾಡುಗಳ ವರ್ಣನೆಗೆ ನಾವು ಹುಡುಗರೆಲ್ಲ ಮರುಳಾಗಿದ್ದೆವು. ಆ ವಿಮಾನವು ಕಟ್ಟಕಡೆಗೆ ಇಳಿಯುವುದು ತಮ್ಮನಾದ ಭರತನ ಇದಿರಿನಲ್ಲಿ ಎಂಬುದನ್ನು ಆಗ ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಬಳಿಕ ಮೂವತ್ತು ವರ್ಷ ಅದನ್ನೇ ಪಾಠ ಹೇಳುತ್ತಿದ್ದಾಗಲೂ ನಾನು ಉಪಮಾಲಂಕಾರಗಳನ್ನೇ ಬಿಡಿಸುತ್ತಿದ್ದೆನಲ್ಲದೆ ಅಲ್ಲಿ ನಿಲ್ಲಲಿಲ್ಲ.

ಅಂದು ರಾತ್ರಿ ಕುಳಿತು, ಮಾತು ತಪ್ಪಿದವನು ನಾನೆಂದು ಇಬ್ಬರಿಗೂ ಒಂದೇ ಒಕ್ಕಣೆಯ ಕಾಗದಗಳನ್ನು ಬರೆದು, ಮರುದಿನ ಅಂಚೆಗೆ ಹಾಕಿದೆನು. ಮನೆಯವಳು ಪ್ರತಿದಿನವೂ ಅಂಚೆಯವನ ದಾರಿಯನ್ನು ನೋಡುತ್ತಿರುವಳು. ಭೂಪಟವನ್ನು ನಾನಿನ್ನೂ ಮಡಿಸಿಟ್ಟಿಲ್ಲ.