ತಿಳಿಯಾದ ನೀರೆಲ್ಲ ಶುದ್ಧವಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳುತ್ತಾರೆ. ತಿಳಿಯಾಗಿರುವುದೆಲ್ಲ ಶುದ್ಧ ನೀರಲ್ಲ ಎಂದು ವಿಜ್ಞಾನದ ಮಾಸ್ತರನಾದ ನಾನು ಸೇರಿಸುತ್ತೇನೆ. ನಮ್ಮ ಜಿಲ್ಲೆಯವರಿಗೆ ಇದು ಹೊಸ ಮಾತೇನಲ್ಲ. ಮುಂಡರಗಿ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ನೋಡಲು ಸ್ಫಟಿಕದಂತಿರುತ್ತದೆ. ಅದರಲ್ಲಿ ಕರಗಿದ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಮೂಡಿದಾಗಲೇ ಗೊತ್ತಾಗುವುದು. ಎಷ್ಟು ಮಡಿಕೆಯ ಅರಿವೆಯಲ್ಲಿ ಸೋಸಿದರೂ ಅದು ಹೋಗದು. ಕಸವನ್ನು ಸೋಸಬಹುದು, ಕರಗಿದ್ದನ್ನು ಸೋಸುವುದು ಹೇಗೆ? ಈ ಪ್ರಶ್ನೆಗೆ ಒಂದು ಸುಂದರ ಉತ್ತರವನ್ನು ನಾನು ಕಂಡದ್ದು ಬೆಟಗೇರಿಯ ಒಂದು ಮೀನಿನ ಅಂಗಡಿಯಲ್ಲಿ.

ಅಡಿಗೆಯ ಮೀನಲ್ಲ, ಗಾಜಿನ ತೊಟ್ಟಿಯ ಬಣ್ಣದ ಮೀನು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಲವು ವರ್ಷಗಳಿಂದ ಸಿಹಿನೀರಿನ ಮೀನು ಮಾರುತ್ತಿದ್ದವನು, ಸಮುದ್ರದ ಮೀನಿಗೆ ಕೈಹಾಕಿದ. ಸಮುದ್ರವೋ ಇಲ್ಲಿಂದ ಬಹಳ ದೂರ! ಅದಕ್ಕೂ ಉಪಾಯವಿದೆ. ಸಿದ್ಧ ಲವಣದ ಪುಡಿಯನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿದರೆ ಸಮುದ್ರದ ನೀರೇ ಆಗುತ್ತದೆ. ಎಂಟು ತೊಟ್ಟಿಗಳನ್ನು ಸಾಲಾಗಿ ಜೋಡಿಸಿ, ಎಲ್ಲದರ ನೀರೂ ಕೆಳಗಿನ ಒಂದೇ ಸಂಪಿಗೆ ಇಳಿದು, ಅಲ್ಲಿ ಸೋಸಿ, ಪಂಪಿನಿಂದ ಮತ್ತೆ ಮೇಲೇರುವಂತೆ ಮಾಡಿದ್ದ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದುಕೊಟ್ಟಿದ್ದರು.

"ಸರ್, ನೀರು ಕನ್ನಡಿ ಹಂಗ ಐತ್ರಿ. ದಿನಾ ಸ್ಪಂಜು ತೊಳೀತೀನಿ. ಆದ್ರೂ ಮೀನು ಸಾಯಾಕತ್ತಾವ್ರಿ" ಎಂದ. ತೊಟ್ಟಿಯ ನೀರನ್ನು ಪರೀಕ್ಷಾ ನಳಿಕೆಗೆ ತೆಗೆದು ಅಮೋನಿಯ ಕಿಟ್ಟಿನ ಹನಿಗಳನ್ನು ಬಿಟ್ಟೆವು. ಹಳದಿಯಾಗಿ ಉಳಿಯಬೇಕಾದ ನೀರು ಕಡುಹಸಿರಾಯಿತು.

ಮೀನು ತನ್ನ ದೇಹದ ತ್ಯಾಜ್ಯವನ್ನು ಮುಖ್ಯವಾಗಿ ಅಮೋನಿಯದ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯವೇ. ಸಮುದ್ರದ ನೀರಿನ ಪಿಎಚ್ ಸುಮಾರು 8.2. ಪಿಎಚ್ 7 ಇರುವ ಸಿಹಿನೀರಿಗಿಂತ ಇಲ್ಲಿ ಅಮೋನಿಯದ ವಿಷರೂಪದ ಪಾಲು ಹತ್ತು ಪಟ್ಟಿಗೂ ಹೆಚ್ಚು. ಮೇಲಾಗಿ ಅದೇ ಉಷ್ಣತೆಯಲ್ಲಿ ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೆಯ ಒಂದು ಭಾಗ ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ಸಿಹಿನೀರಿನಲ್ಲಿ ನಡೆದುಹೋದ ಅಲಕ್ಷ್ಯ ಇಲ್ಲಿ ನಡೆಯದು.

ಕಣ್ಣಿಗೆ ಕಾಣದ ಈ ವಿಷವನ್ನು ತೆಗೆಯುವವರೂ ಕಣ್ಣಿಗೆ ಕಾಣದವರೇ. ಕೆಲವು ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನು ಕೆಲವು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಇವನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ. ಇನ್ನೊಂದು ಸ್ವಾರಸ್ಯವಿದೆ. ಅಮೋನಿಯವನ್ನು ಉಂಡು ಬದುಕುವ ಆರ್ಕಿಯ ಎಂಬ ಬೇರೆಯದೇ ಗುಂಪಿನ ಜೀವಿಯನ್ನು ಮೊದಲ ಬಾರಿಗೆ ಪ್ರತ್ಯೇಕಿಸಿ ಬೆಳೆಸಿದ ವರದಿ 2005ರಲ್ಲಿ ಬಂತು. ಅದು ಸಿಕ್ಕಿದ್ದು ನಡುಸಮುದ್ರದಲ್ಲಲ್ಲ, ಅಮೆರಿಕದ ಸಿಯಾಟಲ್ ಮತ್ಸ್ಯಾಲಯದ ಒಂದು ತೊಟ್ಟಿಯ ಜಲ್ಲಿಕಲ್ಲಿನಲ್ಲಿ!

ಹುಡುಗನ ತೊಂದರೆ ಈಗ ಅರ್ಥವಾಯಿತಲ್ಲವೆ? ಕಸ ಹಿಡಿಯುವುದಕ್ಕೂ ಬ್ಯಾಕ್ಟೀರಿಯ ನೆಲೆಸುವುದಕ್ಕೂ ಅವನ ಬಳಿ ಇದ್ದುದು ಅದೊಂದೇ ಸ್ಪಂಜು. ಅದನ್ನು ದಿನವೂ ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಹಿಂಡಿ ತೊಳೆಯುತ್ತಿದ್ದ. ಬಂದ ಕೆಲಸಗಾರರನ್ನು ಪ್ರತಿದಿನ ಮನೆಯಿಂದ ಹೊರಗೆ ಹಾಕಿ, ಕೆಲಸ ಏಕೆ ನಡೆಯಲಿಲ್ಲ ಎಂದು ಕೇಳಿದ ಹಾಗಾಯಿತು.

ಇಬ್ಬರೂ ಕೂತು ಕೆಲಸಗಳನ್ನು ಬೇರೆ ಬೇರೆ ಮಾಡಿದೆವು. ಮೇಲಿನಿಂದ ಬಂದ ನೀರು ಮೊದಲು ಒಂದು ದಪ್ಪ ಬಟ್ಟೆಯ ಚೀಲದ ಮೂಲಕ ಇಳಿಯಬೇಕು. ಅದನ್ನು ದಿನವೂ ತೊಳೆಯಲೇಬೇಕು, ಏಕೆಂದರೆ ಚೀಲದಲ್ಲಿ ಸಿಕ್ಕ ಕಸವೂ ನೀರಿನಲ್ಲೇ ಇದ್ದು ಕೊಳೆಯುತ್ತಿರುತ್ತದೆ. ಆಮೇಲೆ ನೊರೆಯ ಕೊಳವೆ. ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳನ್ನು ಎಬ್ಬಿಸಿದರೆ ಕರಗಿದ ಪ್ರೋಟೀನು ಅವಕ್ಕೆ ಅಂಟಿ ಕಂದು ನೊರೆಯಾಗಿ ಮೇಲೆ ಬರುತ್ತದೆ, ಬೆಲ್ಲದ ಪಾಕದ ಮಡ್ಡಿ ತೆಗೆದಂತೆ ಅದನ್ನು ತೆಗೆದು ಚೆಲ್ಲಬಹುದು. ಕೊನೆಗೆ ರಂಧ್ರಗಳುಳ್ಳ ಸೆರಾಮಿಕ್ ಉಂಗುರಗಳ ಹಾಸು. ನೀರು ಅದರ ಮೇಲೆ ಹನಿಹನಿಯಾಗಿ ಬೀಳುವುದರಿಂದ ಬ್ಯಾಕ್ಟೀರಿಯಗಳಿಗೆ ಗಾಳಿ ಧಾರಾಳವಾಗಿ ಸಿಗುತ್ತದೆ. ಕರೆಂಟು ಹೋದರೂ ಹಾಸು ಒಂದಷ್ಟು ಹೊತ್ತು ತೇವವಾಗಿ, ಗಾಳಿಯಾಡುತ್ತ ಇರುತ್ತದೆ. ಮುಚ್ಚಿದ ಡಬ್ಬಿಯ ಫಿಲ್ಟರಿನಲ್ಲಿ ಪಂಪು ನಿಂತರೆ ಅವು ಉಸಿರುಗಟ್ಟಿ ಸಾಯುತ್ತವೆ. ಪಂಪು ನಿಂತಾಗ ಎಂಟು ತೊಟ್ಟಿಗಳಿಂದ ಇಳಿದುಬರುವ ನೀರಿಗೆಂದು ಸಂಪಿನಲ್ಲಿ ಜಾಗ ಖಾಲಿ ಬಿಟ್ಟೆವು.

ಒಂದೇ ಸಂಪಿನಿಂದ ನೀರಿನ ಗುಣ ಸ್ಥಿರವಾಗಿರುತ್ತದೆ, ನಿಜ. ಆದರೆ ಒಂದು ತೊಟ್ಟಿಯ ರೋಗ ಎಂಟಕ್ಕೂ ಹರಡುತ್ತದೆ. ಹೊಸದಾಗಿ ಬಂದ ಮೀನಿಗೆ ಸಾಲಿನ ಸಂಪರ್ಕವೇ ಇಲ್ಲದ ಒಂಬತ್ತನೆಯ ತೊಟ್ಟಿ ಇಟ್ಟದ್ದು ಅದಕ್ಕಾಗಿ. ಇನ್ನು ನಮ್ಮ ಬೇಸಿಗೆ! ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಉಪ್ಪುನೀರಿನಿಂದಲ್ಲ, ಲವಣ ತೆಗೆದ ಆರ್‌ಒ ನೀರಿನಿಂದ ತುಂಬಬೇಕು. ವಿದೇಶಗಳಲ್ಲಿ ಹವಳದ ಬಂಡೆಯ ತುಂಡುಗಳನ್ನೇ ಫಿಲ್ಟರಾಗಿ ಬಳಸುವುದುಂಟು. ನಮ್ಮಲ್ಲಿ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಲಿ.

ಇಷ್ಟೆಲ್ಲ ಒಂದು ವಾರದಲ್ಲಿ ಮುಗಿಯಿತು. ಕಠಿಣವಾದದ್ದು ಮುಂದಿನ ಕೆಲಸ, ಕಾಯುವುದು. ನಮಗೆ ಪರಿಚಿತವಾದ ಇ. ಕೋಲೈ ಬ್ಯಾಕ್ಟೀರಿಯ ಅನುಕೂಲವಿದ್ದರೆ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಈ ನೀರು ಶುದ್ಧಿಮಾಡುವವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮೀನಿಲ್ಲದ ತೊಟ್ಟಿಯಲ್ಲಿ ಅವಕ್ಕೆ ಊಟವೆಂದು ಶುದ್ಧ ಅಮೋನಿಯಂ ಕ್ಲೋರೈಡನ್ನು, ಅಂದರೆ ಕಲಾಯಿಯವರು ಬಳಸುವ ನವಸಾಗರವನ್ನು, ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಬಂದೆವು.

ಹುಡುಗನ ಅಪ್ಪ ಒಂದು ಸಂಜೆ ಬಂದು ಖಾಲಿ ತೊಟ್ಟಿಗಳನ್ನು ನೋಡಿ, "ಬರೇ ನೀರು ತಿರುಗಿಸಾಕ ಬಾಡಿಗಿ, ಕರೆಂಟ್ ಬಿಲ್ ಕಟ್ಟೋದೇನ್ರಿ ಸರ್? ಸಾಲದ ಕಂತು ಕಾಯತೈತೇನ್ರಿ?" ಎಂದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಮಗ ತನ್ನ ವಹಿಯನ್ನು ತೆರೆದು ತೋರಿಸಿದ. ಮೂರನೆಯ ವಾರ ಅಮೋನಿಯ ಇಳಿದಿತ್ತು, ನೈಟ್ರೈಟ್ ಏರಿತ್ತು. "ಇದೂ ಇಳೀಬೇಕಪ್ಪಾ. ಈಗ ಮೀನು ಬಿಟ್ರ ಮತ್ತ ಸಾಯತಾವು" ಎಂದ. ಶಾಲೆಯಲ್ಲಿ ನೈಟ್ರೋಜನ್ ಚಕ್ರದ ಚಿತ್ರ ಬಿಡಿಸಲು ಬೇಸರಪಡುತ್ತಿದ್ದ ಹುಡುಗ ಅವನು! ಅಪ್ಪ ವಹಿಯನ್ನು ಎರಡು ಸಲ ತಿರುವಿ ನೋಡಿ, ಆ ತಿಂಗಳ ಕಂತನ್ನು ತಾವೇ ಕಟ್ಟಿದರು. ಆರನೆಯ ವಾರ ಎರಡೂ ಸೊನ್ನೆಗೆ ಬಂದವು. ಮೊದಲು ಬಿಟ್ಟದ್ದು ನಾಲ್ಕೇ ಕ್ಲೌನ್ ಮೀನು. ಬ್ಯಾಕ್ಟೀರಿಯಗಳ ಸಂಖ್ಯೆ ಊಟಕ್ಕೆ ತಕ್ಕಷ್ಟೇ ಇರುವುದರಿಂದ ಮೀನುಗಳನ್ನು ಒಮ್ಮೆಲೇ ತುಂಬುವಂತಿಲ್ಲ.

ವಿದ್ಯಾರ್ಥಿಗಳೇ, ಅಲಂಕಾರದ ಮೀನಿನ ವ್ಯಾಪಾರ ನಿಮಗೆ ಬೇಕಾಗಲಿಕ್ಕಿಲ್ಲ. ಸಿಹಿನೀರಿನ ಒಂದು ಸಣ್ಣ ತೊಟ್ಟಿ, ಒಂದು ಪರೀಕ್ಷಾ ಕಿಟ್ಟು, ಒಂದು ವಹಿ ಇದ್ದರೆ ಈ ಪ್ರಯೋಗವನ್ನು ಶಾಲೆಯಲ್ಲೇ ಮಾಡಬಹುದು. ಪಾಲಕರಲ್ಲಿ ನನ್ನದೊಂದು ವಿನಂತಿ. ಮೂರನೆಯ ವಾರ ಬಂದು ತೊಟ್ಟಿ ಖಾಲಿ ಇದೆಯೆಂದು ಬೇಸರಪಡಬೇಡಿ. ವಹಿಯನ್ನು ತೋರಿಸು ಎಂದು ಕೇಳಿ.