ಗೇಮ್ ಡಬ್ಬ, ಮಗ್ಗದ ಜುಂಗು, ಚೀಟಿ ದುಡ್ಡು

ದೇವನಹಳ್ಳಿ ನಾದಿನಿ ಮೊನ್ನೆ ಫೋನ್ ಮಾಡಿ, "ಅತ್ಗೆ, ನಮ್ ಹುಡ್ಗ ಪಿಎಸ್ ಬೇಕು ಅಂತ ಊಟ ಬಿಟ್ಟು ಕೂತವ್ನೆ, ಪಕ್ಕದ ಮನೆಯವ್ರು ಎಕ್ಸ್‌ಬಾಕ್ಸೇ ವಾಸಿ ಅಂತಾವ್ರೆ, ಯಾವ್ದು ತಗೊಳ್ಲಿ?" ಅಂದ್ಲು. ಮುಕ್ಕಾಲು ಗಂಟೆ ಹೇಳ್ದೆ. ಹೇಳಿದ್ ಮೇಲೆ ಇಲ್ಲಿ ಬರೆದ್ರೆ ನಿಮ್ಗೂ ಆಗ್ತದೆ ಅನ್ನಿಸ್ತು, ಯಾಕಂದ್ರೆ ನಮ್ ಕಡೆ ಮನೆಗಳಲ್ಲಿ ಈ ಡಬ್ಬ ಕೆಡೋ ರೀತಿನೇ ಬೇರೆ.

ನಿಮ್ಗೆಲ್ಲ ಗೊತ್ತಿರೋ ಹಂಗೆ ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಮುಂದಿನ ಅಂಕಣದಲ್ಲಿ ನಾಲ್ಕು ಪವರ್‌ಲೂಮು, ಹಿಂದೆ ನಾವು. ಎಷ್ಟು ಗುಡಿಸಿದ್ರೂ ನೂಲಿನ ಜುಂಗು ಗಾಳೀಲಿ ತೇಲ್ತಾನೇ ಇರ್ತದೆ. ಸಾರಿನ ಪಾತ್ರೆ ಮುಚ್ಚಳ ತೆಗೆದಿಟ್ರೆ ಅದ್ರಲ್ಲೂ ಒಂದೆಳೆ. ಅಂಥಾ ಮನೇಲಿ ಸೆಕೆಂಡ್ ಹ್ಯಾಂಡ್ ಪಿಎಸ್4 ತಂದು, ಗಾಜಿನ ಬಾಗ್ಲು ಇರೋ ಶೋಕೇಸಿನಲ್ಲಿ ಇಟ್ಟಿದ್ರು ನಮ್ಮನೆಯವ್ರು. ಒಂದು ವರ್ಷ ಚೆನ್ನಾಗಿ ನಡೀತು. ಆಮೇಲೆ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗೋಕೆ ಶುರು. ಅರ್ಧ ಗಂಟೆ ಆಡಿದ್ರೆ ಬಿಸಿ ಜಾಸ್ತಿ ಆಗೈತೆ ಅಂತ ಟಿವಿ ಮೇಲೆ ಬರ್ದು, ತಾನೇ ಆಫ್ ಆಗ್ತಿತ್ತು. ಬೆಂಗಳೂರಲ್ಲಿ ಒಂದು ರಿಪೇರಿ ಅಂಗಡಿಗೆ ಬಸ್ಸಲ್ಲಿ ಹೊತ್ಕೊಂಡು ಹೋದ್ರು. ಬಿಚ್ಚಿ ಕೂಡ ನೋಡ್ದೆ, ಬೋರ್ಡ್ ಹೋಗೈತೆ, ಒಂಬತ್ತು ಸಾವಿರ ಅಂದ್ರಂತೆ. ವಾಪಸ್ ತಂದ್ರು.

ಬಿಚ್ಚಿದ್ದು ನಮ್ ದೊಡ್ಡೋಳು. ಒಂಬತ್ತನೇ ಕ್ಲಾಸು. ಕರೆಂಟ್ ವೈರ್ ಕಿತ್ತು, ಅರ್ಧ ಗಂಟೆ ಹಂಗೇ ಬಿಟ್ಟು, ಮೇಲಿನ ಮುಚ್ಚಳ ತೆಗೆದ್ಲು. ಫ್ಯಾನಿನ ಹಿಂದೆ ಬಿಸಿ ಹೋಗೋ ತಗಡಿನ ರೆಕ್ಕೆಗಳು ಇರ್ತವಲ್ಲ, ಅವುಗಳ ಬಾಯಿಗೆ ಕಂಬಳಿ ನೇಯ್ದಂಗೆ ಜುಂಗು ಕೂತಿತ್ತು! ಮಗ್ಗ ಚೊಕ್ಕ ಮಾಡೋ ಬ್ಲೋವರ್ ದೂರದಿಂದ ಹಿಡಿದು ಊದಿದ್ಲು. ಊದುವಾಗ ಫ್ಯಾನನ್ನ ಬೆರಳಲ್ಲಿ ಹಿಡ್ಕೋಬೇಕು, ಇಲ್ದಿದ್ರೆ ಜೋರಾಗಿ ತಿರುಗಿ ಹಾಳಾಗ್ತದೆ. ಅದ್ನ ಶೋಕೇಸಿನಿಂದ ಈಚೆಗೆ ತಂದು ಸ್ಟೂಲ್ ಮೇಲೆ ಇಟ್ವಿ. ಸದ್ದೂ ಇಲ್ಲ, ಬಿಸಿನೂ ಇಲ್ಲ. ನಮ್ಮತ್ತೆ ಮಾತ್ರ "ಹೆಣ್ ಹುಡ್ಗಿ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತವ್ಳಲ್ಲ, ಹಾಲಿಟ್ಟಿದ್ದು ಉಕ್ಕಿದ್ರೂ ನೋಡಲ್ಲ" ಅಂತಿದ್ರು. ಹಾಲೇನೂ ಉಕ್ಕಿರ್ಲಿಲ್ಲ.

ಎರಡನೇ ಕಾಟ ಕರೆಂಟಿನದು. ಆಟ ಸೇವ್ ಆಗೋ ಹೊತ್ತಲ್ಲೇ ಕರೆಂಟ್ ಹೋದ್ರೆ ಒಳಗಿನ ಲೆಕ್ಕ ಕಲಸಿಹೋಗ್ತದೆ. ಆಮೇಲೆ ಆನ್ ಮಾಡಿದ್ರೆ ಆಟ ತೆರ್ಯಲ್ಲ, ಇಲ್ಲಾಂದ್ರೆ ಅಲ್ಲೇ ನಿಂತ್ಕೊಳ್ತದೆ. ಇದಕ್ಕೆ ಸೇಫ್ ಮೋಡ್ ಅಂತ ಐತೆ. ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡ್ಕೊಳ್ಳಿ. ಒಂದು ಬೀಪ್ ಬರ್ತದೆ, ಬಿಡಬೇಡಿ. ಸುಮಾರು ಏಳು ಸೆಕೆಂಡಿಗೆ ಇನ್ನೊಂದು ಬೀಪ್, ಆಗ ಬಿಡಿ. ರಿಮೋಟನ್ನ ವೈರ್ ಹಾಕಿ ಜೋಡಿಸ್ಬೇಕು (ಹುಡುಗ್ರು ಕಂಟ್ರೋಲರ್ ಅಂತಾರೆ, ನಂಗೆ ರಿಮೋಟೇ). ಇಲ್ಲೊಂದು ಗುಟ್ಟೈತೆ. ಕೆಲವು ಅಗ್ಗದ ವೈರುಗಳು ಬರೀ ಚಾರ್ಜ್ ಮಾಡ್ತವೆ, ಮಾತು ದಾಟಿಸಲ್ಲ. ನಮ್ಮನೇಲಿ ಮೂರು ವೈರು ಬದಲಾಯ್ಸಿದ್ ಮೇಲೇ ನಾಲ್ಕನೇದು ಕೆಲ್ಸ ಮಾಡಿದ್ದು. ಪಿಎಸ್4ರಲ್ಲಿ ಬರೋ ಪಟ್ಟಿಯ ಐದನೇದು 'ರೀಬಿಲ್ಡ್ ಡೇಟಾಬೇಸ್'. ಅದ್ನ ಒತ್ತಿ, ಆಟ ಯಾವ್ದೂ ಅಳಿಯಲ್ಲ. ಆರನೇದೂ ಏಳನೇದೂ ಮುಟ್ಟಬೇಡಿ, ಅವು ಎಲ್ಲಾ ಒರೆಸಿಹಾಕ್ತವೆ. ಮನೇಲಿ ಇನ್ವರ್ಟರ್ ಇದ್ರೆ ಅದ್ರ ಹಿಂದೆ ಯುಪಿಎಸ್ ಮೋಡ್ ಅಂತ ಸಣ್ಣ ಸ್ವಿಚ್ ಐತಾ ನೋಡಿ. ಅದ್ನ ಹಾಕಿದ್ರೆ ಕರೆಂಟ್ ಹೋದಾಗ ಡಬ್ಬ ಆಫ್ ಆಗೋ ಅಷ್ಟು ಹೊತ್ತು ಸಿಗಲ್ಲ.

ನಾವು ಹೊಸಕೋಟೆಯಲ್ಲಿ ಚಿಕ್ಕೋರಿದ್ದಾಗ ಇದೆಲ್ಲ ಎಲ್ಲಿತ್ತು! ಜಪಾನಿನಲ್ಲಿ 1983ರಲ್ಲಿ ನಿಂಟೆಂಡೋದವ್ರು ತಂದ ಡಬ್ಬದ ನಕಲು ನಮ್ಮಣ್ಣನ ಹತ್ರ ಇತ್ತು. ಕ್ಯಾಸೆಟ್ ಕೆಟ್ರೆ ಬಾಯಲ್ಲಿ ಉಫ್ ಅಂತ ಊದೋದೇ ರಿಪೇರಿ. ಉಗುಳಿನ ತೇವಕ್ಕೆ ಒಳಗಿನ ಪಿನ್ನಿಗೆ ಕೆಡುಕೇ ಅಂತ ಆಮೇಲೆ ಗೊತ್ತಾಯ್ತು. ಮಾರಿಯೋ ಆಡೋಕೆ ನಂಗೆ ಪಾಳಿ ಬರ್ತಿದ್ದದ್ದು ಅಣ್ಣ ಸ್ನಾನಕ್ಕೆ ಹೋದಾಗ.

ಅದೇ ಪಾಳಿ ಜಗಳ ನಮ್ಮನೆಗೂ ಬಂತು. ಮಗಳು ಮೈನ್‌ಕ್ರಾಫ್ಟಲ್ಲಿ ಆರು ತಿಂಗ್ಳು ಕೂತು ಊರು ಕಟ್ಟಿದ್ಲು, ಕೆರೆ, ಕೋಡಿ, ಎರಡು ಮಗ್ಗದ ಮನೆ ಎಲ್ಲ ಇತ್ತಂತೆ. ಜಾಗ ಸಾಲ್ದು ಅಂತ ಅವಳ ತಮ್ಮ ಅದ್ನ ಅಳಿಸಿಹಾಕ್ದ. ಅವ್ಳು ಅಳ್ಳಿಲ್ಲ. ಡಬ್ಬದ ಹತ್ರ ಹೋಗೋದೇ ಬಿಟ್ಲು. ಅತ್ತೆ "ಹೋಗ್ಲಿ ಬಿಡವ್ವ, ಗಂಡ್ ಹುಡ್ಗ ಆಡ್ಕೊಳ್ಳಿ" ಅಂದ್ರು. ನಂಗೆ ಅಣ್ಣನ ಸ್ನಾನ ನೆನಪಾಯ್ತು.

ಇದ್ರ ಮೇಲೆ ಪಿಎಸ್4 ಡಿಸ್ಕ್ ತಗೊಳ್ಳೋದೂ ನಿಲ್ಸ್ತು. ಬೇರೆ ಪಿಎಸ್4ರ ಡ್ರೈವ್ ತಂದು ಹಾಕೋಣ ಅಂದ್ರೆ ಆಗಲ್ಲ, ಡ್ರೈವಿನ ಬೋರ್ಡಿಗೂ ಮೈನ್ ಬೋರ್ಡಿಗೂ ಗಂಟು ಹಾಕಿರ್ತಾರೆ. 2024ರ ದೀಪಾವಳಿ ಹೊತ್ತಿಗೆ ನನ್ ಚೀಟಿ ಎತ್ತಿತ್ತು. ನಮ್ಮನೆಯವ್ರು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಂದ್ರು. 2020ರಲ್ಲಿ ಬಂದಾಗ 34,990 ಇದ್ದದ್ದು, ಎಲ್ಲಕ್ಕಿಂತ ಅಗ್ಗ. ಚೀಟಿ ನಂದು, ಲೆಕ್ಕ ನಾನೇ ಮಾಡ್ತೀನಿ ಅಂದೆ. ಮಗಳನ್ನ ಪಕ್ಕ ಕೂರಿಸ್ಕೊಂಡೆ.

ಆ ಡಬ್ಬದಲ್ಲಿ ಡಿಸ್ಕಿಗೆ ಬಾಯೇ ಇಲ್ಲ. ಎಲ್ಲಾ ಆಟ ಇಂಟರ್‌ನೆಟ್ಟಿಂದ ಇಳಿಸ್ಕೋಬೇಕು. ಒಂದು ದೊಡ್ಡ ಆಟ 100 ಜಿಬಿ ಅಂದ್ರೆ, ಫೋನಿನ ದಿನದ 2 ಜಿಬಿಯಲ್ಲಿ ಐವತ್ತು ದಿನ. ಮನೆಗೆ 40 ಎಂಬಿಪಿಎಸ್ ವೈರ್ ಇದ್ರೂ ಐದೂವರೆ ಗಂಟೆ. 512 ಜಿಬಿ ಅಂತ ಹೇಳಿದ್ರೂ ಆಟಕ್ಕೆ ಸಿಗೋದು 364. ಮತ್ತೆ ಜಾಗ ಸಾಲ್ದು, ಮತ್ತೆ ಅಳ್ಸು! ನಮ್ಮ ಹಳೇ ಹನ್ನೊಂದು ಡಿಸ್ಕು ಕಸ. ಡಿಸ್ಕ್ ಆದ್ರೆ ಆಡಿ ಮುಗಿದ್ ಮೇಲೆ ಮಾರ್ಬೋದು, ಪಕ್ಕದ ಬೀದಿಯವ್ರ ಹತ್ರ ಬದ್ಲಾಯಿಸ್ಬೋದು. ತಿಂಗ್ಳಿಗಿಷ್ಟು ಅಂತ ಕಟ್ಟಿ ಬೇಕಾದಷ್ಟು ಆಟ ಆಡೋ ಗೇಮ್ ಪಾಸ್ ಬೇಕು, ಮನೇಲಿ ಜೋರು ನೆಟ್ ಐತೆ ಅನ್ನೋರಿಗೆ ಎಸ್ಸೇ ಸರಿ, ಸುಳ್ಳು ಯಾಕೆ. ನಿಂಟೆಂಡೋ ಸ್ವಿಚ್ ಚಿಕ್ಕ ಮಕ್ಕಳಿಗೆ ಚೆಂದ, ಆದ್ರೆ ಕಂಪನಿಯೋರೇ ನಮ್ ದೇಶದಲ್ಲಿ ಮಾರಲ್ಲ. ಕೆಟ್ರೆ ಯಾರ ಹತ್ರ ಹೋಗೋದು?

ಕೊನೆಗೆ ಡಿಸ್ಕ್ ಇರೋ ಪಿಎಸ್5, ಮೇಲೆ ಬರೆದಿದ್ದ ಬೆಲೆ 54,990. ಹಳೇ ಪಿಎಸ್4 ಡಿಸ್ಕುಗಳು ಇದ್ರಲ್ಲೂ ಓಡ್ತವೆ. ಜೊತೆಗೆ ಎರಡನೇ ರಿಮೋಟು, ಅದೇ ಐದಾರು ಸಾವಿರ. ನಮ್ಮನೆಯವ್ರು "ಒಂದು ಸಾಲ್ದಾ?" ಅಂದ್ರು. ಸಾಲ್ದು ಅಂದೆ. ನೀವೂ ಲೆಕ್ಕ ಹಾಕುವಾಗ ಎರಡನೇ ರಿಮೋಟಿನ ದುಡ್ಡು ಮೊದ್ಲೇ ಸೇರಿಸ್ಕೊಳ್ಳಿ. ಆಮೇಲೆ ತರ್ತೀವಿ ಅಂದೋರು ಯಾರೂ ತರಲ್ಲ. ತಂದ ದಿನವೇ ಇಬ್ಬರ ಹೆಸರಲ್ಲೂ ಬೇರೆ ಬೇರೆ ಯೂಸರ್ ಮಾಡಿಸ್ದೆ, ಇಬ್ಬರ ಸೇವೂ ಬೇರೆ. ಮಗಳು ತನ್ನದಕ್ಕೆ ಬೀಗದ ನಂಬರ್ ಹಾಕೊಂಡವ್ಳೆ. ಏನು ಅಂತ ನಂಗೂ ಹೇಳಿಲ್ಲ.

ಒಂದು ವಾರ ಅವ್ಳು ಮುಟ್ಟಲಿಲ್ಲ. ಆಮೇಲೆ 'ಇಟ್ ಟೇಕ್ಸ್ ಟು' ಅಂತ ಒಂದು ಡಿಸ್ಕ್ ತಂದ್ವಿ, 2021ರದು. ಅದ್ನ ಒಬ್ರೇ ಆಡೋಕೆ ಆಗಲ್ಲ, ಇಬ್ಬರೂ ಕೂತ್ರೆ ಮಾತ್ರ ಮುಂದೆ ಹೋಗ್ತದೆ. ತಮ್ಮ ಎರಡು ದಿನ ಹಿಂದೆ ಹಿಂದೆ ಓಡಾಡ್ದ. ಮೂರನೇ ದಿನ "ಕೋಡುಬಳೆ ತಟ್ಟೆ ತಂದಿಟ್ರೆ ಬರ್ತೀನಿ" ಅಂದ್ಲು. ತಂದಿಟ್ಟ.

ಹೊಸ ಊರೊಂದು ಕಟ್ತಾವ್ಳಂತೆ, ನೋಡೋಕೆ ಯಾರ್ನೂ ಬಿಡ್ತಿಲ್ಲ. ಎರಡು ತಿಂಗ್ಳಿಗೊಂದು ಸಲ ಡಬ್ಬದ ಪಕ್ಕದ ತೂತುಗಳಿಗೆ ಮೆತ್ತಗಿನ ಬ್ರಷ್ ಆಡಿಸ್ತಾಳೆ. ನಮ್ ಬೀದೀಲಿ ಮೂರು ಮನೆಯ ಡಬ್ಬ ಇವಳೇ ಬಿಚ್ಚಿ ಚೊಕ್ಕ ಮಾಡಿಕೊಟ್ಟವ್ಳೆ. ಈಗ ಅತ್ತೆನೇ ಬಾಗ್ಲಲ್ಲಿ ಕೂತು "ಇನ್ನೂರು ರೂಪಾಯಿ ಕೊಟ್ಟು ಹೋಗಿ" ಅಂತಾರೆ.

ಹಳೇ ಪಿಎಸ್4 ಅಟ್ಟದ ಮೇಲೈತೆ. ಡಿಸ್ಕ್ ತಗೊಳ್ಳಲ್ಲ, ಒಳಗೆ ಇಳಿಸಿರೋ ಆಟ ಎಲ್ಲ ಓಡ್ತವೆ. ನೆಂಟ್ರಲ್ಲಿ ಯಾರಿಗಾದ್ರೂ ಬೇಕಿದ್ರೆ ಬಂದು ತಗೊಂಡ್ ಹೋಗಿ, ಆ ನಾಲ್ಕನೇ ವೈರೂ ಜೊತೆಗೆ ಕೊಡ್ತೀನಿ.